‘ತಂದೆ’ ಹೋಗಿ ‘ಗಂಡ’ ಬಂದಾಗ

ವಡಗೇರಾದ ತಹಸೀಲ್ ಕಚೇರಿಯಲ್ಲಾಗಲಿ, ಶಹಾಪುರ, ಸುರಪುರಗಳ ಉಪನೋಂದಣಿ ಕಚೇರಿಗಳಲ್ಲಾಗಲಿ, ಕಾಗದಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಬರೆಯುವ ರೀತಿಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮದುವೆಗೆ ಮುಂಚೆ ‘ಮಲ್ಲಮ್ಮ ತಂದೆ ಭೀಮರಾಯ’ ಎಂದಿದ್ದವಳು ಮದುವೆಯಾದ ಮೇಲೆ ‘ಮಲ್ಲಮ್ಮ ಗಂಡ ಸಾಬಣ್ಣ’ ಆಗುತ್ತಾಳೆ. ಮಲ್ಲಮ್ಮ ಮಲ್ಲಮ್ಮನಾಗಿಯೇ ಉಳಿಯುತ್ತಾಳೆ. ಬದಲಾಗುವುದು ನಡುವಿನ ಒಂದು ಪದ ಮತ್ತು ಅದರ ಮುಂದೆ ಬರುವ ಗಂಡಸಿನ ಹೆಸರು. ಹಳೆಯ ಮೈಸೂರಿನ ಕಡೆ ಇದೇ ಕೆಲಸವನ್ನು ‘ಬಿನ್’ ಮತ್ತು ‘ಕೋಂ’ ಎಂಬ ಪದಗಳು ಮಾಡುತ್ತವೆ.

ಇಷ್ಟು ಸಣ್ಣ ಬದಲಾವಣೆಯಲ್ಲಿ ಅಂಥದ್ದೇನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಹೊಲದ ಪಾಲು, ಬ್ಯಾಂಕಿನ ಪಾಸ್‌ಬುಕ್ಕು, ಪಡಿತರ ಚೀಟಿ, ಬೆಳೆ ಸಾಲ, ಭೂಸ್ವಾಧೀನದ ಪರಿಹಾರ, ಕೊನೆಗೆ ಪಿಂಚಣಿ ಕೂಡ ಈ ಒಂದು ಪದದ ಬೆನ್ನು ಹತ್ತಿಯೇ ನಡೆಯುತ್ತವೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಮದುವೆ ಮನೆಯಲ್ಲಿ ಕಣ್ಣೀರಿನೊಂದಿಗೆ ಹೇಳುವುದುಂಟು. ಕಚೇರಿಯ ಗುಮಾಸ್ತ ಅದನ್ನೇ ಕಣ್ಣೀರಿಲ್ಲದೆ ದಾಖಲೆಯಲ್ಲಿ ಬರೆಯುತ್ತಾನೆ.

ಮದುವೆಯಾದ ಮೇಲೂ ತವರಿನ ಹೆಸರು ಉಳಿಸಿಕೊಳ್ಳುವುದು ನಗರದ ಓದಿದ ಹೆಂಗಸರ ಹೊಸ ಹಟ ಎಂಬ ಭಾವನೆ ಸಾಮಾನ್ಯವಾಗಿದೆ. ಭೀಮಾ ಮತ್ತು ಕೃಷ್ಣೆಯರ ನಡುವಿನ ಈ ಸೀಮೆಯ ಚರಿತ್ರೆಯನ್ನು ನೋಡಿದರೆ ಪ್ರಶ್ನೆ ಬಹಳ ಹಳೆಯದು, ಮತ್ತು ಅದು ಮೊದಲಿನಿಂದಲೂ ಹಣದ ಪ್ರಶ್ನೆಯೇ ಆಗಿತ್ತು ಎಂಬುದು ತಿಳಿಯುತ್ತದೆ.

ಮುದನೂರಿನ ದುಗ್ಗಳೆ

ಸುರಪುರ ಸೀಮೆಯ ಮುದನೂರು ನೇಕಾರ ವಚನಕಾರ ದೇವರ ದಾಸಿಮಯ್ಯನ ಊರು. ಆತನ ಅಂಕಿತ ‘ರಾಮನಾಥ’. ಆತನ ಹೆಂಡತಿ ದುಗ್ಗಳೆಯೂ ವಚನಕಾರ್ತಿ. ಆಕೆಯ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಅಂದರೆ ಆಕೆಯ ಸ್ವಂತ ಹೆಸರಿಗೆ ಏನೂ ಆಗಲಿಲ್ಲ, ಆದರೆ ಆಕೆ ಹಾಕಿದ ರುಜುವಿನೊಳಗೆ ಗಂಡ ಬಂದು ಕುಳಿತ. ಸುರಪುರದ ಪಕ್ಕದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮನದೂ ಇದೇ ಕಥೆ. ಆಕೆಯ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’.

ಲಕ್ಕಮ್ಮನ ವಿಷಯದಲ್ಲಿ ಸ್ವಾರಸ್ಯದ ಇನ್ನೊಂದು ಮುಖವಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಲಕ್ಕಮ್ಮ. ರುಜುವಿನಲ್ಲಿ ಗಂಡನ ಹೆಸರಿದ್ದರೂ ಮನೆಯ ಲೆಕ್ಕ ಮಾತ್ರ ಹೆಂಡತಿಯ ಕೈಯಲ್ಲಿತ್ತು. ಇದಕ್ಕೆ ಪೂರ್ತಿ ಭಿನ್ನವಾದವಳು ಮುಕ್ತಾಯಕ್ಕ. ಆಕೆಯ ಅಂಕಿತ ‘ಅಜಗಣ್ಣತಂದೆ’. ಅಜಗಣ್ಣ ಆಕೆಯ ಅಣ್ಣ. ತವರಿನ ಹೆಸರನ್ನೇ ಜೀವಮಾನದ ರುಜುವಾಗಿ ಇಟ್ಟುಕೊಂಡ ಹೆಣ್ಣು ಹನ್ನೆರಡನೆಯ ಶತಮಾನದಲ್ಲಿಯೇ ಇದ್ದಳು ಎಂಬುದು ಗಮನಿಸಬೇಕಾದ ಮಾತು.

ಶರಣರಿಗೆ ತುಸು ಮುಂಚೆ ಇದೇ ಕಲ್ಯಾಣದಲ್ಲಿ ಇನ್ನೊಂದು ದೊಡ್ಡ ಕೆಲಸ ನಡೆದಿತ್ತು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಮುಂದೆ ಬಂಗಾಳ, ಅಸ್ಸಾಂಗಳನ್ನು ಬಿಟ್ಟು ದೇಶದ ಬಹುಭಾಗದ ಹಿಂದೂ ಆಸ್ತಿ ಕಾನೂನಿಗೆ ಅದೇ ಬುನಾದಿಯಾಯಿತು. ಹೆಣ್ಣಿಗೆ ಮದುವೆಯಲ್ಲಿ ಬಂದ ಒಡವೆ, ಬಳುವಳಿಗಳಷ್ಟೇ ಸ್ತ್ರೀಧನವಲ್ಲ, ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರ ವಿಶಾಲವಾದ ಅರ್ಥ ಕೊಟ್ಟ. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಬರುವುದು ಗಂಡುಮಕ್ಕಳಿಗೆ ಎಂಬ ಮಾತೂ ಅದೇ ಗ್ರಂಥದ ಆಧಾರದ ಮೇಲೆಯೇ ನಿಂತಿತು. ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್ ಮೊದಲಿನ ವಿಶಾಲ ಅರ್ಥವನ್ನು ಕುಗ್ಗಿಸಿ, ಎರಡನೆಯ ಮಾತನ್ನು ಗಟ್ಟಿಮಾಡಿತು. ಮುಂಬಯಿ ಪ್ರಾಂತದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದ ಆಸ್ತಿ ಆಕೆ ಬದುಕಿರುವ ತನಕ ಮಾತ್ರ ಎಂಬ ನಿಯಮ ನೆಲೆಯೂರಿತು. ಕಲ್ಯಾಣದಲ್ಲಿ ಕೊಟ್ಟದ್ದನ್ನು ಲಂಡನ್ನಿನಲ್ಲಿ ಕಸಿದುಕೊಂಡಂತಾಯಿತು ಎಂದರೆ ತಪ್ಪಾಗಲಾರದು.

ಅಡ್ಡಹೆಸರೆಂಬ ಲೆಕ್ಕದ ಪುಸ್ತಕ

ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಎಂಬುದು ಬರೀ ಗುರುತಲ್ಲ. ದೇಸಾಯಿ, ನಾಡಗೌಡ, ಕುಲಕರ್ಣಿ, ಪಾಟೀಲ ಎಂಬವೆಲ್ಲ ಒಂದು ಕಾಲಕ್ಕೆ ವತನದ ಹೆಸರುಗಳು. ಸರ್ಕಾರದ ಕೆಲಸ ಮಾಡಿದ್ದಕ್ಕೆ ಪ್ರತಿಫಲವಾಗಿ ಬಂದ ಇನಾಮು ಜಮೀನು, ರೊಕ್ಕ, ಮಾನಮರ್ಯಾದೆಗಳು ಆ ಹೆಸರಿಗೆ ಅಂಟಿಕೊಂಡಿದ್ದವು. 1858ರ ಬಂಡಾಯದ ನಂತರ ಸುರಪುರ ಸಂಸ್ಥಾನ ಅಳಿದು, 1860ರಲ್ಲಿ ಬ್ರಿಟಿಷರು ಆ ಸೀಮೆಯನ್ನು ನಿಜಾಮನಿಗೆ ಒಪ್ಪಿಸಿದರು. ನಿಜಾಮನ ಆಡಳಿತದಲ್ಲಿ ಹಳ್ಳಿಗಳಿಗೆ ಕಂದಾಯಕ್ಕೊಬ್ಬ ಮಾಲಿಪಾಟೀಲ, ಬಂದೋಬಸ್ತಿಗೊಬ್ಬ ಪೊಲೀಸ್ ಪಾಟೀಲ ಎಂಬ ಏರ್ಪಾಡಿತ್ತು. ಇವತ್ತಿಗೂ ಈ ಭಾಗದಲ್ಲಿ ಆ ಎರಡೂ ಅಡ್ಡಹೆಸರುಗಳು ಧಾರಾಳವಾಗಿ ಸಿಗುತ್ತವೆ.

ಹೆಸರಿಗೆ ಆದಾಯ ಅಂಟಿಕೊಂಡಿದ್ದರೆ, ಆ ಹೆಸರನ್ನು ಬಿಟ್ಟು ಬೇರೆ ಮನೆಗೆ ಹೋಗುವ ಮಗಳು ಸಹಜವಾಗಿಯೇ ಅಪಾಯದಂತೆ ಕಾಣುತ್ತಾಳೆ. ವಿಜಯಪುರ, ಧಾರವಾಡ, ಬೆಳಗಾವಿಗಳನ್ನು ಆಳುತ್ತಿದ್ದ ಮುಂಬಯಿ ಸರ್ಕಾರ 1886ರಲ್ಲಿ ಐದನೆಯ ಕಾಯಿದೆಯನ್ನು ತಂದಾಗ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು. ವತನದಾರ ಕುಟುಂಬದ ಕೊನೆಯ ಪುರುಷನ ವಿಧವೆಯೊಬ್ಬಳನ್ನು ಬಿಟ್ಟು, ಉಳಿದ ಯಾವ ಹೆಣ್ಣುಮಗಳೇ ಆಗಲಿ, ಹೆಣ್ಣಿನ ಮೂಲಕ ಹಕ್ಕು ಕೇಳುವವರೇ ಆಗಲಿ, ಆ ಕುಟುಂಬದ ಎಲ್ಲ ಗಂಡಸರ ಹಿಂದೆ ಸಾಲಿನಲ್ಲಿ ನಿಲ್ಲಬೇಕು ಎಂಬುದು ಅದರ ಸಾರ. ವತನ ಆ ಮನೆತನದಲ್ಲಿಯೇ ಉಳಿಯಬೇಕೆಂಬುದು ಉದ್ದೇಶ. ದೂರದ ದಾಯಾದಿಗಿಂತ ಸ್ವಂತ ಮಗಳು ಹಿಂದಾದಳು. ಕರ್ನಾಟಕದ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಬಂದದ್ದು 1961ರಲ್ಲಿ. ವತನ ಹೋಯಿತು, ಆದರೆ ಅದು ಕಲಿಸಿದ ಪಾಠ ಮನೆಮನೆಯಲ್ಲಿ ಉಳಿಯಿತು.

ನಿಜಾಮನ ಕಾಲದ ಉರ್ದು ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ವಲದ್’, ಮದುವೆಯಾದ ಹೆಣ್ಣಿನ ಹೆಸರಿನ ಮುಂದೆ ‘ಜೌಜಾ’ ಎಂದು ಬರೆಯುವುದು ರೂಢಿ. 1956ರ ನವೆಂಬರಿನಲ್ಲಿ ಈ ಭಾಗ ಕನ್ನಡ ರಾಜ್ಯಕ್ಕೆ ಸೇರಿದ ಮೇಲಿನ ಕಾಗದಗಳಲ್ಲಿ ಕಾಣುವುದು ‘ತಂದೆ’, ‘ಗಂಡ’. ಭಾಷೆ ಬದಲಾಯಿತು, ವಿಂಗಡಣೆ ಬದಲಾಗಲಿಲ್ಲ. ಮುಸ್ಲಿಮರ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಮದುವೆಯಿಂದ ಹೆಣ್ಣಿನ ಹೆಸರು ಬದಲಾಗಬೇಕೆಂಬ ಧಾರ್ಮಿಕ ನಿಯಮವಿಲ್ಲ. ಮಗನ ಪಾಲಿನ ಅರ್ಧದಷ್ಟು ಪಾಲು ಮಗಳಿಗೆ ಎಂದು ಶರೀಯತ್ತು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ 1937ರ ಶರೀಯತ್ ಕಾಯಿದೆ ಕೃಷಿ ಜಮೀನನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಳ್ಳಿಯಲ್ಲಿ ಜಮೀನು ಬಿಟ್ಟರೆ ಆಸ್ತಿ ಎನ್ನುವಂಥದ್ದು ಇನ್ನೇನಿರುತ್ತದೆ?

ಹೆಸರು ಉಳಿಸಿಕೊಂಡವಳ ಬೆಲೆ

ಹಾಗಿದ್ದರೆ ಈ ಸೀಮೆಯಲ್ಲಿ ತವರಿನ ಹೆಸರನ್ನೂ ತವರಿನ ಹೊಲವನ್ನೂ ಎರಡನ್ನೂ ಉಳಿಸಿಕೊಂಡ ಹೆಣ್ಣುಮಕ್ಕಳೇ ಇರಲಿಲ್ಲವೇ? ಇದ್ದರು. ಒಂದು ದಾರಿ ಮನೆ ಅಳಿಯತನ. ಗಂಡುಮಕ್ಕಳಿಲ್ಲದ ಮನೆಗೆ ಅಳಿಯನನ್ನೇ ತಂದಿಟ್ಟುಕೊಂಡರೆ ಮಗಳು ಹೊಸಿಲು ದಾಟಬೇಕಾಗಿಲ್ಲ. ಮನೆ ಅಳಿಯನಾದವನಿಗೆ ಊರಿನಲ್ಲಿ ಎಷ್ಟು ಮರ್ಯಾದೆ ಸಿಗುತ್ತಿತ್ತು ಎಂಬುದು ಬೇರೆ ಮಾತು.

ಇನ್ನೊಂದು ದಾರಿ ಕಠೋರವಾದದ್ದು. ಬಳ್ಳಾರಿ, ರಾಯಚೂರು, ಕೊಪ್ಪಳಗಳಿಂದ ಹಿಡಿದು ಈ ಭಾಗದವರೆಗೆ ಕೆಲವು ಸಮುದಾಯಗಳಲ್ಲಿ ಮಗಳನ್ನು ‘ಬಸವಿ ಬಿಡುವ’ ಪದ್ಧತಿಯಿತ್ತು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಆ ಮಗಳು ಯಾರನ್ನೂ ಮದುವೆಯಾಗುವಂತಿರಲಿಲ್ಲ. ಅದಕ್ಕೆ ಪ್ರತಿಯಾಗಿ ಆಕೆ ತವರಿನಲ್ಲಿ ಮಗನ ಸ್ಥಾನ ಪಡೆಯುತ್ತಿದ್ದಳು. ತಂದೆಯ ಹೊಲಕ್ಕೆ ಹಕ್ಕುದಾರಳಾಗುತ್ತಿದ್ದಳು, ತಂದೆ ತಾಯಿಯ ಅಂತ್ಯಕ್ರಿಯೆ ಮಾಡುತ್ತಿದ್ದಳು, ಆಕೆಯ ಮಕ್ಕಳು ಆಕೆಯ ತವರುಮನೆಯ ಹೆಸರಿನಲ್ಲಿಯೇ ಬೆಳೆಯುತ್ತಿದ್ದರು. ಗಂಡು ಸಂತಾನವಿಲ್ಲದ ಮುಪ್ಪಿನ ದಂಪತಿಗಳಿಗೆ ದುಡಿಯುವ ಕೈ ಬೇಕಾಗಿತ್ತು. ಅದಕ್ಕಾಗಿ ಮಗಳ ಬದುಕನ್ನೇ ಬಲಿ ಕೊಟ್ಟರು. ಆಕೆಯ ಹೆಸರಿನ ಮುಂದೆ ‘ಗಂಡ’ ಎಂಬ ಪದ ಎಂದೂ ಬರಲಿಲ್ಲ. ಆ ಪದ ಬರದೇ ಇದ್ದುದಕ್ಕೆ ಆಕೆ ಊರಿನ ಗಂಡಸರ ಕೈಯಲ್ಲಿ ಪಟ್ಟ ಪಾಡು ಯಾವ ಪಹಣಿಯಲ್ಲಿಯೂ ದಾಖಲಾಗಿಲ್ಲ.

ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಆಮೇಲೆ 1993-94ರಲ್ಲಿ ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ಉತ್ತರದ ಜಿಲ್ಲೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರನ್ನು ಗುರುತಿಸಲಾಯಿತು. ಆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾಸಾಶನ ಬಂತು, ಪಟ್ಟಿಯಿಂದ ಬಿಟ್ಟುಹೋದವರು ಅಲೆದಾಡಿದರು. ಇಲ್ಲಿಯೂ ಹಣ ಬಂದದ್ದು ಹೆಸರಿನ ಹಿಂದೆಯೇ. ಮಕ್ಕಳನ್ನು ಶಾಲೆಗೆ ಸೇರಿಸಲು ಹೋದಾಗ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲು ಎದುರಾದುದು ಈ ತಾಯಂದಿರಿಗೆ ಮತ್ತೊಂದು ಸಂಕಟ.

ಕರಾವಳಿಯಲ್ಲಿ, ಕಾಸರಗೋಡಿನವರೆಗೂ, ಅಳಿಯಸಂತಾನ ಪದ್ಧತಿಯಿದ್ದ ಸಮುದಾಯಗಳಲ್ಲಿ ಹೆಣ್ಣಿನ ಬಳಿಯೂ ಮನೆತನದ ಆಸ್ತಿಯೂ ತಾಯಿಯ ಕಡೆಯಿಂದಲೇ ಇಳಿದು ಬರುತ್ತಿದ್ದವು. ಮದುವೆಯಿಂದ ಅದಕ್ಕೆ ಧಕ್ಕೆ ಬರುತ್ತಿರಲಿಲ್ಲ. ಒಂದೇ ನಾಡಿನ ಪಶ್ಚಿಮ ತುದಿಯಲ್ಲಿ ಮದುವೆಯಾಗಿಯೂ ಸಿಗುತ್ತಿದ್ದ ಹಕ್ಕಿಗೆ ಈಶಾನ್ಯ ತುದಿಯಲ್ಲಿ ಮದುವೆಯನ್ನೇ ತ್ಯಾಗ ಮಾಡಬೇಕಾಗಿತ್ತು.

ಸಮುದ್ರದಾಚೆ

ಪಶ್ಚಿಮದ ದೇಶಗಳಲ್ಲಿ ಈ ಕಥೆ ತಿರುವುಮುರುವಾಗಿ ನಡೆದಿದೆ. ಇಂಗ್ಲೆಂಡಿನ ಹಳೆಯ ಕಾನೂನಿನ ಪ್ರಕಾರ ಮದುವೆಯಾದ ಕೂಡಲೇ ಹೆಂಡತಿಯ ಕಾನೂನುಬದ್ಧ ವ್ಯಕ್ತಿತ್ವ ಗಂಡನಲ್ಲಿ ಲೀನವಾಗುತ್ತಿತ್ತು. ಆಕೆಯ ಹೆಸರಿನೊಂದಿಗೆ ಆಕೆಯ ಗಳಿಕೆಯೂ ಗಂಡನ ಪಾಲಾಗುತ್ತಿತ್ತು. ಗಳಿಕೆ ಆಕೆಯದೇ ಎಂದು ಒಪ್ಪಲು 1870ರ ಕಾಯಿದೆ ಬೇಕಾಯಿತು, ಉಳಿದ ಆಸ್ತಿಯೂ ಆಕೆಯದೇ ಎನ್ನಲು 1882ರವರೆಗೆ ಕಾಯಬೇಕಾಯಿತು. ಅಮೆರಿಕದ ಲೂಸಿ ಸ್ಟೋನ್ 1855ರಲ್ಲಿ ಮದುವೆಯಾಗಿಯೂ ತನ್ನ ಹೆಸರನ್ನೇ ಉಳಿಸಿಕೊಂಡರು. ನ್ಯೂಜೆರ್ಸಿಯ ಮನೆ ಅವರ ಹೆಸರಿನಲ್ಲಿಯೇ ಇತ್ತು. ಮತ ಹಾಕುವ ಹಕ್ಕಿಲ್ಲದವಳು ತೆರಿಗೆಯನ್ನೇಕೆ ಕಟ್ಟಬೇಕೆಂದು ಅವರು ತಕರಾರು ತೆಗೆದಾಗ 1858ರಲ್ಲಿ ಮನೆಯ ಸಾಮಾನು ಹರಾಜಾಯಿತು. 1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಶಾಲಾ ಮಂಡಳಿಯ ಚುನಾವಣೆಯಲ್ಲಿ ಹೆಂಗಸರಿಗೆ ಮತ ಕೊಟ್ಟಿತು. ಆದರೆ ಗಂಡನ ಅಡ್ಡಹೆಸರು ಸೇರಿಸಲು ಒಪ್ಪದ ಕಾರಣಕ್ಕೆ ಲೂಸಿಯವರ ಹೆಸರನ್ನು ಪಟ್ಟಿಯಿಂದ ತೆಗೆದರು.

ಫ್ರಾನ್ಸಿನಲ್ಲಿ 1794ರ ಕಾನೂನಿನಂತೆ ಯಾರೂ ಜನನಪತ್ರದಲ್ಲಿ ಇಲ್ಲದ ಹೆಸರನ್ನು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಮದುವೆಯಾದ ಹೆಣ್ಣಿನ ಅಧಿಕೃತ ಹೆಸರು ತವರಿನದೇ. ಅಷ್ಟಿದ್ದೂ ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯಲು ಆಕೆ 1965ರವರೆಗೆ ಕಾಯಬೇಕಾಯಿತು. ಜಪಾನಿನಲ್ಲಿ ಗಂಡ ಹೆಂಡತಿಗೆ ಒಂದೇ ಅಡ್ಡಹೆಸರು ಇರಲೇಬೇಕೆಂಬ ನಿಯಮವನ್ನು ಅಲ್ಲಿಯ ಸುಪ್ರೀಂ ಕೋರ್ಟು 2015ರಲ್ಲಿಯೂ 2021ರಲ್ಲಿಯೂ ಎತ್ತಿಹಿಡಿಯಿತು. ಹೆಸರು ಬಿಡುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಫ್ರಾನ್ಸಿನ ಉದಾಹರಣೆ ವಡಗೇರಾಕ್ಕೆ ಹತ್ತಿರದ್ದು. ಅಲ್ಲಿಯೂ ಇಲ್ಲಿಯೂ ಸ್ವಂತ ಹೆಸರು ಹಾಗೆಯೇ ಇತ್ತು, ಹಣದ ಪೆಟ್ಟಿಗೆಯ ಕೀಲಿಕೈ ಮಾತ್ರ ಬೇರೆಯವರಲ್ಲಿತ್ತು.

ಬ್ರಿಟಿಷ್ ಭಾರತದಲ್ಲಿ 1874ರಲ್ಲಿಯೇ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ ಬಂದಿತ್ತು. ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರನ್ನು ಅದರಿಂದ ಹೊರಗಿಟ್ಟಿದ್ದರು. 1923ರ ತಿದ್ದುಪಡಿಯಿಂದ ಜೀವವಿಮೆಗೆ ಸಂಬಂಧಿಸಿದ ಭಾಗ ಮಾತ್ರ ಎಲ್ಲರಿಗೂ ಅನ್ವಯವಾಯಿತು. ಗಂಡ ಈ ಕಾಯಿದೆಯ ಕೆಳಗೆ ಹೆಂಡತಿಯ ಹೆಸರಿನಲ್ಲಿ ಮಾಡಿಸಿದ ಪಾಲಿಸಿಯ ಹಣವನ್ನು ಆತನ ಸಾಲಗಾರರು ಮುಟ್ಟುವಂತಿಲ್ಲ. ಇವತ್ತಿಗೂ ಈ ಸೌಲಭ್ಯವಿದೆ. ಬಳಸುವವರು ಕಡಿಮೆ ಎಂಬುದು ಸೋಜಿಗ.

ಸವದಿಯವರ ಮಗಳು

ಹಿಂದೂ ಉತ್ತರಾಧಿಕಾರ ಕಾಯಿದೆ 1956ರ ಜೂನ್ 17ರಂದು ಜಾರಿಗೆ ಬಂತು. ಹೆಣ್ಣಿನ ಕೈಗೆ ಬಂದ ಆಸ್ತಿ ಸಂಪೂರ್ಣವಾಗಿ ಆಕೆಯದೇ ಎಂದು ಅದು ಹೇಳಿತು. ವಿಜ್ಞಾನೇಶ್ವರ ಕೊಟ್ಟಿದ್ದ ಅರ್ಥ ಎಂಟು ಶತಮಾನಗಳ ನಂತರ ಹಿಂತಿರುಗಿತು. ಆದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಗಂಡುಮಕ್ಕಳಿಗೇ ಉಳಿಯಿತು.

ಕರ್ನಾಟಕ ತನ್ನದೇ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದು ಮಗಳಿಗೂ ಮಗನಷ್ಟೇ ಹುಟ್ಟಿನ ಹಕ್ಕು ಕೊಟ್ಟಿತು. ಅದರಲ್ಲೊಂದು ಷರತ್ತಿತ್ತು: ಆ ದಿನಕ್ಕೆ ಮುಂಚೆ ಮದುವೆಯಾದ ಮಗಳಿಗೆ ಇದು ಅನ್ವಯಿಸದು. ಅಂದರೆ ಒಂದೇ ಮನೆಯ ಅಕ್ಕ ಮೇ ತಿಂಗಳಲ್ಲಿ ಮದುವೆಯಾಗಿದ್ದರೆ ಆಕೆಗೆ ಹುಟ್ಟಿನ ಹಕ್ಕಿಲ್ಲ, ತಂಗಿ ದೀಪಾವಳಿಯ ನಂತರ ಮದುವೆಯಾದರೆ ಆಕೆಗೆ ಇದೆ. ‘ತಂದೆ’ ಹೋಗಿ ‘ಗಂಡ’ ಎಂದಾಗುವ ಗಳಿಗೆಗೆ ಕಾನೂನೇ ಇಷ್ಟು ನೇರವಾಗಿ ಬೆಲೆ ಕಟ್ಟಿದ್ದು ಅಪರೂಪ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಈ ಷರತ್ತನ್ನು ಅಳಿಸಿಹಾಕಿತು. ಮದುವೆಯಾಗಿರಲಿ, ಆಗದಿರಲಿ, ಮಗಳು ಮಗಳೇ ಎಂದಾಯಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಪಾಲುಗಳನ್ನು ಮಾತ್ರ ಕೆದಕುವಂತಿರಲಿಲ್ಲ.

ಇದು ನೆಲಕ್ಕಿಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದಕ್ಕೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಸಾಕ್ಷಿ. ಕಾನೂನಿನ ಪುಸ್ತಕಗಳಲ್ಲಿ ಅದರ ಹೆಸರು ‘ದಾನಮ್ಮ ಉರ್ಫ್ ಸುಮನ್ ಸುರಪುರ ವಿರುದ್ಧ ಅಮರ್’. ತಂದೆಯ ಅಡ್ಡಹೆಸರು ಸವದಿ. ಮಗಳ ಹೆಸರಿನೊಂದಿಗೆ ದಾಖಲೆಯಲ್ಲಿ ಬಂದದ್ದು ಸುರಪುರ, ಜೊತೆಗೊಂದು ‘ಉರ್ಫ್’. ಮೊಕದ್ದಮೆಯ ಶೀರ್ಷಿಕೆಯಲ್ಲಿಯೇ ಒಬ್ಬ ಹೆಣ್ಣುಮಗಳಿಗೆ ಎರಡು ಹೆಸರು, ಮತ್ತು ತಂದೆಯದಲ್ಲದ ಅಡ್ಡಹೆಸರು.

ತಂದೆ 2001ರಲ್ಲಿ ತೀರಿಕೊಂಡರು. ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಉಳಿದರು. ಮರುವರ್ಷ ಮೊಮ್ಮಗ ಪಾಲಿಗಾಗಿ ದಾವೆ ಹೂಡಿದ. ಹೆಣ್ಣುಮಕ್ಕಳಿಬ್ಬರೂ 1956ಕ್ಕೆ ಮುಂಚೆ ಹುಟ್ಟಿದವರು, ಆದ್ದರಿಂದ ಪಾಲಿಲ್ಲ ಎಂದು ವಿಚಾರಣಾ ನ್ಯಾಯಾಲಯ 2007ರಲ್ಲಿ ಹೇಳಿತು. ಹೈಕೋರ್ಟು 2012ರಲ್ಲಿ ಅದನ್ನೇ ಒಪ್ಪಿತು. ಸುಪ್ರೀಂ ಕೋರ್ಟು 2018ರ ಫೆಬ್ರವರಿ 1ರಂದು ಆ ತೀರ್ಪುಗಳನ್ನು ತಳ್ಳಿಹಾಕಿ, ಇಬ್ಬರಿಗೂ ತಲಾ ಐದರಲ್ಲೊಂದು ಪಾಲು ಕೊಟ್ಟಿತು. ದಾವೆ ಶುರುವಾಗಿ ಹದಿನಾರು ವರ್ಷ ಕಳೆದಿತ್ತು. ಕೊನೆಗೆ 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪು ಉಳಿದ ಗೊಂದಲವನ್ನೂ ಪರಿಹರಿಸಿತು. ತಂದೆ 2005ರಲ್ಲಿ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಅದು ಸಾರಿತು.

ಪಂಚಮಿಯ ಸೀರೆ

ಕಾನೂನು ಇಷ್ಟು ದೂರ ಬಂದ ಮೇಲೆ ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ತುಂಬಿರಬೇಕಾಗಿತ್ತು. ಹಾಗೆ ಆಗಿಲ್ಲ. ತಂದೆ ತೀರಿಕೊಂಡ ಮೇಲೆ ವಾರಸಾ ಮಾಡಿಸಲು ವಂಶಾವಳಿ ಕೊಡಬೇಕು. ಅದರಲ್ಲಿ ಗಂಡುಮಕ್ಕಳ ಹೆಸರು ಮೊದಲು ಬರುತ್ತದೆ. ಹೆಣ್ಣುಮಕ್ಕಳ ಹೆಸರು ಒಮ್ಮೊಮ್ಮೆ ಬರುವುದೇ ಇಲ್ಲ, ಬಂದರೂ ಅದರ ಹಿಂದೆಯೇ ಹಕ್ಕು ಬಿಡುಗಡೆ ಪತ್ರವೊಂದು ಸಿದ್ಧವಾಗಿರುತ್ತದೆ. ‘ಅಕ್ಕಾ, ಇಲ್ಲೊಂದು ಸಹಿ ಹಾಕು’ ಎಂದು ತಮ್ಮ ಕಾಗದ ಮುಂದೆ ಮಾಡುತ್ತಾನೆ. ಅಕ್ಕ ಹೆಬ್ಬೆಟ್ಟು ಒತ್ತುತ್ತಾಳೆ. ಉಪನೋಂದಣಿ ಕಚೇರಿಗಳ ಮುಂದೆ ಬಾಂಡ್ ಬರೆಯುವವರಿಗೆ ಇದು ದಿನನಿತ್ಯದ ಕೆಲಸ.

ಆಕೆ ಬರೀ ಅಜ್ಞಾನದಿಂದ ಹೀಗೆ ಮಾಡುತ್ತಾಳೆ ಎಂದುಕೊಳ್ಳುವುದು ತಪ್ಪು. ಆಕೆಯ ಲೆಕ್ಕಾಚಾರ ಬೇರೆ ಇದೆ. ನಾಗರ ಪಂಚಮಿಗೆ ಅಣ್ಣ ಕರೆಯಲು ಬರಬೇಕು, ಸೀರೆ ಕುಪ್ಪಸ ಕೊಟ್ಟು ಉಡಿ ತುಂಬಬೇಕು. ಹೆರಿಗೆಗೆ ತವರು ಬೇಕು. ಗಂಡನ ಮನೆಯಲ್ಲಿ ಹೊಡೆತ ಬಡಿತವಾದರೆ, ಗಂಡ ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಹೋಗಿ ತಿರುಗಿ ಬಾರದಿದ್ದರೆ, ಬಂದು ನಿಲ್ಲಲು ಒಂದು ಕಟ್ಟೆ ಬೇಕು. ಎರಡು ಎಕರೆ ಕೇಳಿದರೆ ಇದೆಲ್ಲ ಹೋಗಬಹುದು. ಹಾಗಾಗಿ ಆಕೆ ಹೊಲವನ್ನು ಕೊಟ್ಟು ತವರನ್ನು ಇಟ್ಟುಕೊಳ್ಳುತ್ತಾಳೆ. ಅಣ್ಣ ತೀರಿ ಅಣ್ಣನ ಮಕ್ಕಳ ಕಾಲ ಬಂದಾಗ ಆ ಕಟ್ಟೆ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಮದುವೆಗೆ ಕೊಟ್ಟ ಬಂಗಾರ, ಪಾತ್ರೆ, ವರದಕ್ಷಿಣೆಗಳೇ ಮಗಳ ಪಾಲು ಎಂಬ ವಾದವನ್ನೂ ಮುಂದೆ ಮಾಡಲಾಗುತ್ತದೆ. ಆದರೆ ವರದಕ್ಷಿಣೆಯ ಹಣ ಹೋದದ್ದು ಮಗಳ ಕೈಗಲ್ಲ, ಬೀಗರ ಕೈಗೆ.

ಒಂದು ಹೆಣ್ಣು, ನಾಲ್ಕು ಕಾಗದ

ಈಚಿನ ಎರಡು ದಶಕಗಳಲ್ಲಿ ಸರ್ಕಾರದ ಹಣ ನೇರವಾಗಿ ಹೆಂಗಸರ ಖಾತೆಗೆ ಬರತೊಡಗಿದ ಮೇಲೆ ಹೆಸರಿನ ಪ್ರಶ್ನೆಗೆ ಹೊಸ ರೂಪ ಬಂದಿದೆ. 2013ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಗುರುತಿಸಿತು. 2023ರ ಆಗಸ್ಟ್ 30ರಂದು ಆರಂಭವಾದ ‘ಗೃಹಲಕ್ಷ್ಮಿ’ ಯೋಜನೆಯ ತಿಂಗಳಿಗೆ 2,000 ರೂಪಾಯಿ ಬರುವುದು ಆ ಯಜಮಾನಿಯ ಖಾತೆಗೆ. ಅದಕ್ಕೆ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಗಂಡನ ಆಧಾರ್ ಕೂಡ ಕೇಳುತ್ತಾರೆ. ಇಲ್ಲಿ ‘ಗಂಡ’ ಎಂಬ ಪದ ಇದ್ದರೆ ಕೆಲಸ ಸಲೀಸು.

ಆದರೆ ಅದೇ ಹೆಂಗಸಿನ ಪಾನ್ ಕಾರ್ಡ್‌ನಲ್ಲಿ ಇರುವುದು ತಂದೆಯ ಹೆಸರು. ಮದುವೆಯಾದವಳಾದರೂ ಪಾನ್ ಅರ್ಜಿಯಲ್ಲಿ ಗಂಡನ ಹೆಸರಿಗೆ ಜಾಗವೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವುದು ತವರಿನ ಹೆಸರು. ಜಾತಿ ಪ್ರಮಾಣಪತ್ರಕ್ಕೂ ಆಧಾರ ಹುಟ್ಟಿದ ಮನೆಯೇ, ಕೊಟ್ಟ ಮನೆಯಲ್ಲ. ಹೀಗೆ ಸರ್ಕಾರದ ಒಂದು ಕಚೇರಿ ಆಕೆಯನ್ನು ಮಗಳೆಂದೂ ಇನ್ನೊಂದು ಕಚೇರಿ ಹೆಂಡತಿಯೆಂದೂ ಕರೆಯುತ್ತದೆ. ಎರಡೂ ಒಬ್ಬಳೇ ಎಂದು ರುಜುವಾತು ಮಾಡುವ ಹೊಣೆ ಮಾತ್ರ ಆಕೆಯದು. ಇದರ ಜೊತೆಗೆ ‘ಮಲ್ಲಮ್ಮ’, ‘ಮಲ್ಲವ್ವ’, ‘ಮಲ್ಲಮ್ಮಾ’ ಎಂಬ ಕಾಗುಣಿತದ ಕಾಟ ಬೇರೆ.

ತವರಿನ ಊರಿನಲ್ಲಿ ಭಾಗ್ಯಲಕ್ಷ್ಮಿ ಬಾಂಡು ಮಾಡಿಸಿದ ಹುಡುಗಿಯರ ವಿಷಯದಲ್ಲಿ ಇದು ಈಗ ಎದುರಾಗುತ್ತಿದೆ. 2006-07ರಲ್ಲಿ ಶುರುವಾದ ಆ ಯೋಜನೆಯ ಮೊದಲ ಫಲಾನುಭವಿಗಳಿಗೆ 2024ರ ಹೊತ್ತಿಗೆ ಹದಿನೆಂಟು ತುಂಬಿತು. ಬಾಂಡಿನ ಹಣ ಕೈಗೆ ಬರುವ ವಯಸ್ಸು ಮತ್ತು ಹಳ್ಳಿಗಳಲ್ಲಿ ಹೆಣ್ಣನ್ನು ಮದುವೆ ಮಾಡಿ ಕೊಡುವ ವಯಸ್ಸು ಹೆಚ್ಚುಕಡಿಮೆ ಒಂದೇ. ಹದಿನೆಂಟಕ್ಕೆ ಮುಂಚೆ ಮದುವೆಯಾದರೆ ಹಣವೇ ಇಲ್ಲ. ಆಮೇಲೆ ಮದುವೆಯಾಗಿ ಅವಸರದಲ್ಲಿ ಆಧಾರ್‌ನಲ್ಲಿ ಹೆಸರು ತಿದ್ದಿಸಿಕೊಂಡರೆ ಬಾಂಡಿನ ಹೆಸರಿಗೂ ಆಧಾರ್‌ಗೂ ತಾಳೆಯಾಗುವುದಿಲ್ಲ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಅವಕಾಶವಿರುವುದು ಜೀವಮಾನದಲ್ಲಿ ಎರಡೇ ಸಲ. ತವರಿನ ಹೊಲದ ಪಹಣಿಗೂ ಆಧಾರ್ ಜೋಡಿಸುವ ಕೆಲಸ 2024ರಲ್ಲಿ ರಾಜ್ಯದಲ್ಲಿ ನಡೆಯಿತು. ಪಹಣಿಯಲ್ಲಿ ‘ತಂದೆ’, ಆಧಾರ್‌ನಲ್ಲಿ ‘ಗಂಡ’ ಎಂದಿದ್ದರೆ ಅಲ್ಲಿಯೂ ಇದೇ ತೊಡಕು.

ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಮದುವೆಯ ನಂತರ ಹೆಸರು ಬದಲಾಯಿಸಲೇಬೇಕೆಂದು ಈ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಬದಲಾಯಿಸಿದ್ದರೆ ಸರ್ಕಾರ ಕೊಟ್ಟ ವಿವಾಹ ನೋಂದಣಿ ಪತ್ರವನ್ನೋ ಗೆಜೆಟ್ ಪ್ರಕಟಣೆಯನ್ನೋ ಜೊತೆಗಿಟ್ಟರೆ ಹಳೆಯ ಹೆಸರಿನ ಗುರುತಿನ ಚೀಟಿಯನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಮದುವೆ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿತ್ತು. ಊರಿನ ಗುಡಿಯ ಮುಂದೆ ಸಾಮೂಹಿಕ ವಿವಾಹದಲ್ಲಿ ತಾಳಿ ಕಟ್ಟಿಸಿಕೊಂಡು ಮನೆಗೆ ಹೋದವರಲ್ಲಿ ಎಷ್ಟು ಮಂದಿ ಆ ಪತ್ರ ಮಾಡಿಸುತ್ತಾರೆ? ಮಾಡಿಸದವರು ನೋಟರಿಯ ಮುಂದೆ ಪ್ರಮಾಣಪತ್ರ ಬರೆಸಿ, ಪತ್ರಿಕೆಯಲ್ಲಿ ‘ಹೆಸರು ಬದಲಾವಣೆ’ ಜಾಹೀರಾತು ಕೊಡುತ್ತಾರೆ. ವರ್ಗೀಕೃತ ಜಾಹೀರಾತಿನ ಪುಟಗಳನ್ನು ತಿರುವಿ ನೋಡಿದವರಿಗೆ ಅವುಗಳಲ್ಲಿ ಹೆಂಗಸರ ಹೆಸರು ಎಷ್ಟು ಎಂಬುದು ಗೊತ್ತಿದೆ. ಪ್ರಮಾಣಪತ್ರಕ್ಕೆ, ಜಾಹೀರಾತಿಗೆ, ತಾಲ್ಲೂಕಿಗೆ ಹೋಗಿ ಬರುವ ಬಸ್ಸಿಗೆ, ತಪ್ಪಿದ ಕೂಲಿಗೆ ಹಣ ಬೇಕು. ಎರಡು ಸಾವಿರಕ್ಕಾಗಿ ಅಲೆದು ಅದರಲ್ಲಿ ದೊಡ್ಡ ಭಾಗವನ್ನು ಅಲೆದಾಟಕ್ಕೇ ಕಳೆಯುವವರಿಗೆ ಇದು ತಮಾಷೆಯ ಮಾತಲ್ಲ.

ಹೆಸರನ್ನು ಉಳಿಸಿಕೊಂಡರೆ ಆಸ್ತಿಯೂ ತಾನಾಗಿ ಉಳಿಯುತ್ತದೆ ಎಂದು ತಿಳಿಯುವುದೂ ಸರಿಯಲ್ಲ. ಹಕ್ಕು ಹುಟ್ಟುವುದು ಹೆಸರಿನಿಂದಲ್ಲ, ಹೆಸರು ಅದಕ್ಕೆ ಸಾಕ್ಷ್ಯ ಮಾತ್ರ. ಇದಕ್ಕೆ ನಾರಾಯಣಿ ದೇವಿಯ ಪ್ರಕರಣವೇ ಉದಾಹರಣೆ. 1955ರಲ್ಲಿ ಮದುವೆಯಾದ ಮೂರು ತಿಂಗಳೊಳಗೆ ಗಂಡ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದರು. ತಂದೆ ತಾಯಿ ಓದಿಸಿದರು, ಆಕೆ ನೌಕರಿ ಹಿಡಿದು ದುಡಿದರು. 1996ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡಾಗ ಬ್ಯಾಂಕಿನಲ್ಲಿ ಮತ್ತು ಭವಿಷ್ಯ ನಿಧಿಯಲ್ಲಿ ಸಾಕಷ್ಟು ಹಣವಿತ್ತು. ನಾಲ್ಕು ದಶಕ ತವರಿನ ಆಸರೆಯಲ್ಲಿ ಬದುಕಿದವರ ಆ ಹಣಕ್ಕೆ ತಾಯಿಯೂ ಗಂಡನ ಸೋದರಿಯ ಮಕ್ಕಳೂ ಹಕ್ಕು ಹೂಡಿದರು. ಉತ್ತರಾಧಿಕಾರ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಮಕ್ಕಳಿಲ್ಲದ ಹಿಂದೂ ಹೆಣ್ಣು ಸ್ವಂತ ದುಡಿದ ಆಸ್ತಿ ಮೊದಲು ಹೋಗುವುದು ಗಂಡನಿಗೆ, ಆತನಿಲ್ಲದಿದ್ದರೆ ಆತನ ವಾರಸುದಾರರಿಗೆ, ಅವರೂ ಇಲ್ಲದಿದ್ದರೆ ಮಾತ್ರ ಆಕೆಯ ತಾಯಿ ತಂದೆಗೆ. ಸುಪ್ರೀಂ ಕೋರ್ಟು 2009ರಲ್ಲಿ ಹಾಗೆಯೇ ತೀರ್ಪು ಕೊಟ್ಟು, ಅನುಕಂಪದಿಂದ ಕಾನೂನನ್ನು ಬದಲಿಸಲಾಗದು ಎಂಬ ನಿಲುವು ತಾಳಿತು. ತಂದೆ ತಾಯಿಯಿಂದ ಬಂದ ಆಸ್ತಿಯಾಗಿದ್ದರೆ, ಮಕ್ಕಳಿಲ್ಲದಾಗ ಅದು ತಂದೆಯ ವಾರಸುದಾರರಿಗೆ ಹಿಂತಿರುಗುತ್ತಿತ್ತು. ದುಡಿದದ್ದು ಮಾತ್ರ ಗಂಡನ ಕಡೆಗೆ.

ಆಕೆ ಯಾವ ಹೆಸರಿನಲ್ಲಿ ಸಹಿ ಹಾಕುತ್ತಿದ್ದರು ಎಂಬುದನ್ನು ಈ ಕಲಮು ಕೇಳುವುದಿಲ್ಲ. ಅದನ್ನು ತಪ್ಪಿಸಲು ಇರುವ ದಾರಿ ಮೃತ್ಯುಪತ್ರ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬಿಳಿಯ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ಅವರಿಂದಲೂ ಸಹಿ ಮಾಡಿಸಿದರೆ ಸಾಕು. ಬರೆದುಕೊಡುವವಳ ಹೆಸರಿನ ಮುಂದೆ ‘ತಂದೆ’ ಎಂದಿರಲಿ ‘ಗಂಡ’ ಎಂದಿರಲಿ, ಎರಡೂ ಹೆಸರನ್ನು ಅದೇ ಹಾಳೆಯಲ್ಲಿ ಬರೆದಿಡುವುದು ಒಳಿತೆಂದು ಈ ಭಾಗದ ವಕೀಲರು ಹೇಳುತ್ತಾರೆ.